ಇಂಜೆಕ್ಷನ್ನಿಗೆ ಮುಂಚಿನ ತಿಂಡಿ

ಬನಶಂಕರಿಯ ನನ್ನ ಹಲ್ಲಿನ ಕ್ಲಿನಿಕ್ಕಿನಲ್ಲಿ ದಿನಕ್ಕೆ ಎಷ್ಟು ಸಲ ಈ ಪ್ರಶ್ನೆ ಕೇಳುತ್ತೇನೋ ನನಗೇ ಗೊತ್ತಿಲ್ಲ. ‘ತಿಂಡಿ ಆಯ್ತಾ?’ ಹಲ್ಲು ಕೀಳುವ ಮುಂಚೆ ದವಡೆ ಮರಗಟ್ಟಲು ಇಂಜೆಕ್ಷನ್ ಕೊಡಬೇಕು. ಖಾಲಿ ಹೊಟ್ಟೆಯಲ್ಲಿ ಬಂದವರು ಸೂಜಿ ಕಂಡೊಡನೆ ಕುರ್ಚಿಯಲ್ಲೇ ತಲೆ ಸುತ್ತಿ ವಾಲುತ್ತಾರೆ. ಅದಕ್ಕೇ ಕೇಳುವುದು. ಆದರೆ ನಮ್ಮ ಜನಕ್ಕೆ ಅದು ಡಾಕ್ಟರ ಪ್ರಶ್ನೆ ಅನ್ನಿಸುವುದೇ ಇಲ್ಲ, ಪಕ್ಕದ ಮನೆಯವರು ಗೇಟಿನ ಹತ್ತಿರ ನಿಂತು ವಿಚಾರಿಸಿದ ಹಾಗೆ ಕೇಳಿಸುತ್ತದೆ. ‘ಆಯ್ತು ಮೇಡಂ, ನಿಮ್ದು?’ ಎನ್ನುತ್ತಾರೆ. ನಾನೂ ‘ಆಯ್ತು’ ಎನ್ನುತ್ತೇನೆ. ಎಷ್ಟೋ ದಿನ ಇಬ್ಬರದೂ ಆಗಿರುವುದಿಲ್ಲ.

ಸಾಕಾಗಿಹೋಗಿದೆ ನನಗೆ. ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿದೆ, ಬಲಭುಜ ಎತ್ತಿದರೆ ಲಟಕ್ಕೆನ್ನುತ್ತದೆ. ಅದನ್ನೆಲ್ಲ ಹೇಗೋ ತಡೆದುಕೊಳ್ಳಬಹುದು. ಈ ಮರ್ಯಾದೆಯ ಸುಳ್ಳುಗಳನ್ನು ಮಾತ್ರ ತಡೆದುಕೊಳ್ಳಲಾರೆ. ನೋವಾಯ್ತಾ ಎಂದರೆ ‘ಪರವಾಗಿಲ್ಲ’, ಕಣ್ಣಲ್ಲಿ ಮಾತ್ರ ದಳದಳ ನೀರು.

ಹೋದ ವರ್ಷ ವಸಂತಪುರದಿಂದ ಒಬ್ಬಾಕೆ ಬಂದಿದ್ದರು. ಅಲ್ಲೇ ರಸ್ತೆ ಬದಿಯಲ್ಲಿ ತಟ್ಟೆ ಇಡ್ಲಿ ಗಾಡಿ ಇಟ್ಟುಕೊಂಡವರು, ಅರವತ್ತರ ಆಸುಪಾಸು, ಸಕ್ಕರೆ ಕಾಯಿಲೆ ಬೇರೆ. ಕೆಳದವಡೆಯ ಹಿಂದಿನ ಹಲ್ಲು ಕೊಳೆತು ಕೆನ್ನೆ ಊದಿತ್ತು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ವಿಪರೀತ ಏರಿತ್ತು.

‘ಇವತ್ತು ಆಗಲ್ಲಮ್ಮ. ಮಾತ್ರೆ ಬರ್ಕೊಡ್ತೀನಿ. ಶುಗರ್ ಇಳಿಸ್ಕೊಂಡು ಬನ್ನಿ, ಕಿತ್ತುಬಿಡೋಣ.’

‘ಅಲ್ಲೀವರ್ಗೂ ಈ ನೋವು?’ ಎಂದರು. ಚೀಟಿ ಬರೆದು ಕೈಗಿಟ್ಟೆ. ಕೆನ್ನೆ ಹಿಡಿದುಕೊಂಡೇ ಮೆಟ್ಟಿಲಿಳಿದು ಹೋದರು.

ಎರಡನೇ ಸಲ ಬಂದಾಗ ಊತ ಇಳಿದಿತ್ತು, ನೋವು ಇಳಿದಿರಲಿಲ್ಲ. ತಲೆತುಂಬ ಮಲ್ಲಿಗೆ ಮುಡಿದು ಮದುವೆಮನೆಗೆ ಬಂದವರ ಹಾಗೆ ಬಂದಿದ್ದರು. ಬೆರಳು ಚುಚ್ಚಿದೆ. ಸಕ್ಕರೆ ಚೆನ್ನಾಗಿಯೇ ಇಳಿದಿತ್ತು. ‘ಭೇಷ್!’ ಎಂದೆ. ‘ತಿಂಡಿ ಆಯ್ತಾ?’

‘ಆಯ್ತಾಯ್ತು. ತಿಂಡಿ ಮಾರೋಳ್ನೇ ಕೇಳ್ತೀರಲ್ಲ ಮೇಡಂ!’ ಎಂದು ನಕ್ಕರು. ನಾನೂ ನಕ್ಕೆ. ಆದರೆ ಅವರಿಗಿಂತ ಮುಂಚೆ ಬಂದಿದ್ದವರ ಕೆಲಸ ಎಳೆದುಕೊಂಡೇ ಹೋಯಿತು. ಅಷ್ಟು ಹೊತ್ತೂ ಆಕೆ ಹೊರಗಿನ ಬೆಂಚಿನಲ್ಲಿ ಸುಮ್ಮನೆ ಕೂತಿದ್ದರು.

ಕೊನೆಗೆ ಒಳಗೆ ಕರೆದು ಇಂಜೆಕ್ಷನ್ ಕೊಟ್ಟೆ. ಸ್ವಲ್ಪ ಹೊತ್ತು ಬಿಟ್ಟು, ‘ತುಟಿ ದಪ್ಪ ಆದಂಗಾಯ್ತಾ?’ ಎಂದೆ.

‘ಬೋಂಡ ಆದಂಗಾಗಿದೆ’ ಎಂದರು. ಆಮೇಲೆ ಮಾತು ತೊದಲತೊಡಗಿತು. ಮರಗಟ್ಟಿದ ತುಟಿ ತೊದಲದೆ ಇನ್ನೇನು ಮಾಡುತ್ತದೆ ಎಂದುಕೊಂಡು ಇಕ್ಕಳ ಕೈಗೆತ್ತಿಕೊಂಡೆ. ಆಗ ಹಣೆ ಕಂಡಿತು. ಎ.ಸಿ. ಕೆಳಗೆ ಕೂತ ಹೆಂಗಸು ತೊಪ್ಪೆಯಾಗಿ ಬೆವೆತಿದ್ದರು. ಕೈ ಮುಟ್ಟಿದೆ, ಮಂಜುಗಡ್ಡೆ. ಬೆರಳುಗಳು ನಡುಗುತ್ತಿದ್ದವು. ಕಣ್ಣು ನನ್ನನ್ನು ದಾಟಿ ಇನ್ನೆಲ್ಲೋ ನೋಡುತ್ತಿತ್ತು.

ಇಕ್ಕಳ ಟ್ರೇಗೆ ಎಸೆದೆ. ಮತ್ತೆ ಬೆರಳು ಚುಚ್ಚಿದೆ. ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ‘ಗ್ಲೂಕೋಸ್!’ ಎಂದು ಸಿಸ್ಟರಿಗೆ ಕೂಗಿದ್ದು ಕೆಳಗಿನ ಅಂಗಡಿಗೂ ಕೇಳಿಸಿರಬೇಕು. ಆಕೆಯನ್ನು ನೆಟ್ಟಗೆ ಕೂರಿಸಿ, ಮರಗಟ್ಟದ ಕಡೆಯಿಂದ ಚಮಚ ಚಮಚವಾಗಿ ಕುಡಿಸಿದೆವು. ‘ನುಂಗಿ ಅಮ್ಮ, ನುಂಗಿ’ ಎನ್ನುತ್ತಿದ್ದೆ. ಅರ್ಧ ಸೆರಗಿನ ಮೇಲೆ, ಅರ್ಧ ಒಳಗೆ. ನಿಧಾನವಾಗಿ ಕಣ್ಣು ನನ್ನ ಮುಖಕ್ಕೆ ವಾಪಸು ಬಂತು. ಆಗ ನನಗೆ ಅಳು ಬಂತು. ಅದರ ಹಿಂದೆಯೇ ಕೆಟ್ಟ ಸಿಟ್ಟೂ ಬಂತು.

‘ತಿಂಡಿ ಆಯ್ತು ಅಂದ್ರಲ್ಲ!’

‘ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ ಮೇಡಂ. ಶುಗರ್ ಮಾತ್ರೆ ಮಾತ್ರ ತಗೊಂಡೆ. ನೀವೇ ಇಳಿಸ್ಕೊಂಡು ಬನ್ನಿ ಅಂದ್ರಿ.’

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ! ತಿಂದಿಲ್ಲ ಅಂತ ಒಂದು ಮಾತು ಹೇಳೋಕೇನಾಗಿತ್ತು?’

ಆಕೆ ನಿಜವಾಗಿಯೂ ಬೆರಗಾಗಿ ನನ್ನನ್ನು ನೋಡಿದರು. ‘ಅಯ್ಯೋ, ತಿಂಡಿ ಆಯ್ತಾ ಅಂತ ಕೇಳಿದ್ರೆ ಯಾರಾದ್ರೂ ಇಲ್ಲ ಅಂತಾರಾ? ಬಡಿಸಿ ಅಂತ ಕೇಳ್ದಂಗಾಗಲ್ವಾ?’

ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಇನ್ನೊಂದು ದಿನ ಬನ್ನಿ ಎನ್ನೋಣವೆಂದು ಬಾಯಿ ತೆರೆದೆ, ಅಷ್ಟರಲ್ಲಿ ಆಕೆ ನನ್ನ ಕೈ ಹಿಡಿದುಕೊಂಡರು.

‘ವಾಪಸ್ ಕಳಿಸ್ಬೇಡಿ ಮೇಡಂ. ಇನ್ನೊಂದು ರಾತ್ರಿ ಇದನ್ನ ಇಟ್ಕೊಂಡು ಮಲಗಕ್ಕಾಗಲ್ಲ ನಂಗೆ.’

ಅದು ಮರ್ಯಾದೆಯ ಮಾತಾಗಿರಲಿಲ್ಲ. ನಾನು ಕೇಳಿದ್ದಕ್ಕೆ ಸುಳ್ಳು ಹೇಳಿದ ಬಾಯಿ, ಕೇಳದೆಯೇ ನಿಜ ಹೇಳಿತ್ತು.

ಕಾದು ನೋಡೋಣ ಎಂದೆ. ಮರಗಟ್ಟಿದ ಬಾಯಲ್ಲಿ ಅಗಿಯಲು ಕೊಟ್ಟರೆ ತುಟಿಯನ್ನೇ ಕಚ್ಚಿಕೊಳ್ಳುತ್ತಾರೆ, ಏನಿದ್ದರೂ ಕುಡಿಯುವುದೇ ಆಗಬೇಕು. ನನ್ನ ಬ್ಯಾಗಿನಲ್ಲಿ ಫ್ಲಾಸ್ಕಿತ್ತು, ನನ್ನ ತಿಂಡಿಗೆಂದು ಬೆಳಿಗ್ಗೆ ಮನೆಯಿಂದ ತಂದ ರಾಗಿ ಗಂಜಿ. ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಸೊಟ್ಟ ಬಾಯಲ್ಲಿ ಸೋರಿಸಿಕೊಳ್ಳುತ್ತ ಕುಡಿದರು. ನಡುವೆ ತಲೆಯೆತ್ತಿ, ‘ನಿಮ್ದಾಯ್ತಾ ತಿಂಡಿ?’ ಎಂದರು.

‘ಆಯ್ತು’ ಎಂದೆ.

ಆಕೆ ಫ್ಲಾಸ್ಕನ್ನು ನೋಡಿದರು, ನನ್ನನ್ನು ನೋಡಿದರು.

ಸಕ್ಕರೆ ಸರಿಯಾಗಿ ನಿಂತಿತು. ಒಮ್ಮೆ ನೋಡಿದೆ, ಸ್ವಲ್ಪ ಬಿಟ್ಟು ಮತ್ತೊಮ್ಮೆ ನೋಡಿದೆ. ಮರಗಟ್ಟಿದ್ದೂ ಇನ್ನೂ ಬಿಟ್ಟಿರಲಿಲ್ಲ. ‘ನೋವಾದ್ರೂ ಪರವಾಗಿಲ್ಲ ಅಂದ್ರೆ ನೋಡಿ!’ ಎಂದು ಗದರಿಸಿ ಇಕ್ಕಳ ಹಾಕಿದೆ. ಹಲ್ಲು ಸಲೀಸಾಗಿ ಬಂತು. ಆಕೆಯ ಕಣ್ಣಲ್ಲಿ ನೀರಿರಲಿಲ್ಲ, ಅದನ್ನೇ ನೋಡುತ್ತಿದ್ದೆ.

ಹತ್ತಿಯುಂಡೆ ಕಚ್ಚಿಸಿ, ಮಾತಾಡಬೇಡಿ ಎಂದು ಹೇಳಿ ಎಬ್ಬಿಸಿದೆ. ಹೊರಗೆ ಇನ್ನೂ ಜನ ಕಾಯುತ್ತಿದ್ದರು. ಆಕೆ ಬಾಗಿಲವರೆಗೆ ಹೋದವರು ವಾಪಸು ಬಂದರು. ಫ್ಲಾಸ್ಕಿನ ತಳದಲ್ಲಿ ಗಂಜಿ ಉಳಿದಿತ್ತು. ಬೇರೆ ಲೋಟ ತೊಳೆದು, ಅಷ್ಟನ್ನೂ ಬಗ್ಗಿಸಿ ನನ್ನ ಕೈಗಿಟ್ಟರು. ‘ಆಯ್ತಮ್ಮ, ಆಮೇಲೆ ಕುಡೀತೀನಿ’ ಎಂದೆ. ಬಾಯಿ ಬಿಡುವ ಹಾಗಿರಲಿಲ್ಲವಲ್ಲ, ಇಲ್ಲ ಎಂದು ತಲೆಯಾಡಿಸಿದರು. ನಾನು ಕುಡಿದು ಮುಗಿಸುವವರೆಗೂ ಅಲ್ಲೇ ನಿಂತಿದ್ದರು.