ರೆಕಾರ್ಡಿನ ಕೊನೆಯ ಸುತ್ತು

ಇದನ್ನು ಬರೆಯುವುದನ್ನು ಬಹಳ ದಿನಗಳಿಂದ ಮುಂದೂಡುತ್ತ ಬಂದಿದ್ದೇನೆ. ದೆವ್ವ-ಭೂತದ ಮಾತು ಬಂದರೆ ನಗುತ್ತಿದ್ದವನು ನಾನು. ಅದಕ್ಕಿಂತ ಹೆಚ್ಚಾಗಿ, ಇದನ್ನು ಹೇಳಹೋದರೆ ನಾನು ಮಾಡಿದ್ದನ್ನೂ ಹೇಳಬೇಕಾಗುತ್ತದೆ.

ನಾನೂ ನಮ್ಮೂರ ಕಡೆಯ ಒಬ್ಬ ಗೆಳೆಯನೂ ಲಂಡನ್ನಿನ ಕ್ರೋಯ್ಡನ್ನಿನಲ್ಲಿರುವ ನನ್ನ ಫ್ಲ್ಯಾಟಿನಿಂದ ಒಂದು ಸಣ್ಣ ರೆಕಾರ್ಡ್ ಕಂಪನಿ ನಡೆಸುತ್ತಿದ್ದೆವು. ಹಾಡುಗಳಲ್ಲ, ಯಂತ್ರಗಳ ಸದ್ದನ್ನೇ ಸಂಗೀತ ಮಾಡುವವರ ವಿನೈಲ್ ರೆಕಾರ್ಡುಗಳು. ಕೊಳ್ಳುವವರು ಕೆಲವರೇ, ಆದರೆ ಕಿವಿಗೊಟ್ಟು ಕೇಳುವವರು. ಒಮ್ಮೆ ಊರಿಗೆ ಹೋದ ಗೆಳೆಯ ಬೆಟಗೇರಿಯ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗದ ಸದ್ದನ್ನು ಹಿಡಿದು ತಂದ. ನಮ್ಮ ಅತ್ಯುತ್ತಮ ರೆಕಾರ್ಡು ಆದದ್ದು ಅದರಿಂದಲೇ.

ರೆಕಾರ್ಡಿನ ಕೊನೆಯ ಸುತ್ತನ್ನು ಮುಚ್ಚಿದ ವರ್ತುಲವಾಗಿ ಕೊರೆಸಬಹುದು. ಪ್ಲೇಯರಿನ ಮುಳ್ಳು ಎತ್ತುವ ತನಕ ಅಷ್ಟೇ ಸದ್ದು ಮತ್ತೆ ಮತ್ತೆ ಕೇಳುತ್ತದೆ. ಶೆಡ್ಡಿನಿಂದ ಹೊರಡುವಾಗ ನೇಕಾರರಿಗೆ ತಾನು ಹೇಳಿದ “ಹೋಗಿ ಬರತೇನ್ರಿ” ಎಂಬ ಮಾತನ್ನು ಅಲ್ಲಿ ಇಡಬೇಕೆಂದು ಅವನ ಆಸೆ. “ಬರತೇನಿ ಅಂದಾಂವ ಹೋಗೂದ ಇಲ್ಲ ನೋಡಲೇ,” ಎಂದು ನಕ್ಕಿದ್ದ.

ಕೊರೆಸಲು ಹೋದವನು ನಾನೊಬ್ಬನೇ. ಆ ಮಾತನ್ನು ಕತ್ತರಿಸಿ ತೆಗೆದು ಮಗ್ಗದ ಸದ್ದನ್ನಷ್ಟೇ ಇಟ್ಟೆ. ರೆಕಾರ್ಡಿನ ಹೊದಿಕೆಯ ಮೇಲೆ ನನ್ನೊಬ್ಬನ ಹೆಸರು ಹಾಕಿಸಿದೆ. ಹೊಟ್ಟೆಕಿಚ್ಚು, ಬೇರೆ ಕಾರಣವಿಲ್ಲ. ತಯಾರಾಗಿ ಬಂದ ರೆಕಾರ್ಡನ್ನು ಅವನು ಒಮ್ಮೆ ತಿರುಗಿಸಿ ನೋಡಿ, ಕೆಳಗಿಟ್ಟು, ಏನೂ ಅನ್ನದೆ ಎದ್ದುಹೋದ. ನಮ್ಮಲ್ಲಿ ಹಾಗೆ ಹೋಗಿಬರುತ್ತೇನೆ ಎನ್ನದೆ ಏಳುವುದು ಸಾವಿನ ಮನೆಯಿಂದ ಮಾತ್ರ.

ಮತ್ತೆ ಅವನು ನಮ್ಮ ಮನೆಗೆ ಬರಲಿಲ್ಲ, ಆಮೇಲೆ ಮದುವೆಯಾಗಿ ಬಂದ ನನ್ನ ಹೆಂಡತಿ ಅವನನ್ನು ಕಂಡವಳೇ ಅಲ್ಲ. ಕಳೆದ ಚಳಿಗಾಲ ಅವನು ಇಲ್ಲೇ ತೀರಿಕೊಂಡ. ಮಣ್ಣಿಗೆ ಹೋಗಲು ನನಗೆ ಮುಖವಿರಲಿಲ್ಲ. ಅದಾದ ಮೇಲೆ ಒಂದು ಮಧ್ಯಾಹ್ನ ಆ ರೆಕಾರ್ಡು ಹಾಕಿಕೊಂಡು ಕೂತಿದ್ದೆ. ಕೆಳಗೆ ಟ್ರಾಮ್ ಹಾದುಹೋಯಿತು. ಮುಳ್ಳು ಕೊನೆಯ ಸುತ್ತಿಗೆ ಬಂತು. ಅಡುಗೆಮನೆಯಿಂದ ಹೆಂಡತಿ ಕೂಗಿದಳು: “ಯಾರ್ರೀ ಅವರು, ಹೋಗಿ ಬರತೇನಿ, ಹೋಗಿ ಬರತೇನಿ ಅನ್ನಾಕತ್ತಾರ? ಚಾಕ್ಕ ಇಟ್ಟೇನಿ, ಕುಡದು ಹೋಗ್ಲಿ.”

ನನಗೂ ಕೇಳುತ್ತಿತ್ತು. ಮಗ್ಗದ ಏಟುಗಳ ನಡುವೆ ಅವನದೇ ದನಿ, ನಗು ತಡೆದುಕೊಂಡಂತೆ. ಮುಳ್ಳು ಎತ್ತಿದೆ. ಮತ್ತೆ ಇಟ್ಟಾಗ ಬರೀ ಮಗ್ಗ. ಹೆಂಡತಿ ಮೂರು ಕಪ್ ಚಹಾ ತಂದು ಸುತ್ತ ನೋಡಿದಳು. “ಹೋಗೇಬಿಟ್ರೇನು?” ಎಂದಳು.

ಆಮೇಲೆ ಎಷ್ಟೋ ಸಲ ಹಾಕಿ ಕೇಳಿದ್ದೇನೆ. ನನ್ನ ಕೈಯಾರೆ ಕತ್ತರಿಸಿದ ಮಾತು ಅಲ್ಲಿಗೆ ಹೇಗೆ ಬಂತೋ ಗೊತ್ತಿಲ್ಲ. ಅಂದು ಹೇಳದೆ ಹೋದದ್ದನ್ನು ಹೇಳಲು ಬಂದನೋ, ನನ್ನನ್ನು ಬಿಟ್ಟು ಹೋಗುವುದಿಲ್ಲ ಎಂದನೋ, ಅದೂ ಗೊತ್ತಿಲ್ಲ. ಹೊದಿಕೆಯ ಮೇಲೆ ಇರಬೇಕಾಗಿದ್ದ ಹೆಸರನ್ನು ಇಲ್ಲಿ ಬರೆಯುತ್ತಿದ್ದೇನೆ. ಈರಣ್ಣ.