ಬಾಗಿಲ ಪಕ್ಕದ ಕೋಲು

ಹೊನ್ನಾಳಿಯ ಹೊಳೆಯ ಮೇಲೆ ಮಾಗಿಯ ಮಂಜು ಇನ್ನೂ ಕರಗಿಲ್ಲ. ದಂಡೆಯ ಹತ್ತಿ ಮಿಲ್ಲು ನಿದ್ದೆಯಲ್ಲಿದೆ. ಮಿಲ್ಲಿನ ಹಿಂದಿನ ಮೈದಾನದ ಅಂಚಿಗೆ ಒಂದು ಹುಲ್ಲಿನ ಕೊಟ್ಟಿಗೆ. ಅದರೊಳಗೆ ಪಾಲಣ್ಣ ಹಾಕಿ ಆಟದ ಕೋಲುಗಳನ್ನು ಗೋಡೆಗೆ ಆನಿಸಿ ನಿಲ್ಲಿಸುತ್ತಿದ್ದಾನೆ. ಜಾಲಿಯ ಕೊಂಬೆ ಕಡಿದು, ಬೆಂಕಿಗೆ ಕಾಯಿಸಿ ಬಗ್ಗಿಸಿದ ಕೋಲುಗಳು. ಒಂದನ್ನು ಎತ್ತಿಕೊಳ್ಳುತ್ತಾನೆ, ಕಣ್ಣು ಮುಚ್ಚುತ್ತಾನೆ, ಎಲ್ಲಿಂದಲೋ ಬರುವ ಸದ್ದು ಕೇಳಿಸಿಕೊಳ್ಳುವವನಂತೆ ತಲೆ ವಾಲಿಸಿ ನಿಲ್ಲುತ್ತಾನೆ, ಆಮೇಲೆ ಅದಕ್ಕೊಂದು ಜಾಗ ಕೊಡುತ್ತಾನೆ. ಬಾಗಿಲ ಪಕ್ಕದ ಕೋಲು ಎಲ್ಲರಿಗಿಂತ ಮುಂದಿರುವ ಹುಡುಗನದು. ಕತ್ತಲ ಮೂಲೆಯದು ಎಲ್ಲರಿಗಿಂತ ಹಿಂದಿರುವವನದು.

ಇವತ್ತು ಬಾಗಿಲ ಪಕ್ಕ ನಿಂತಿರುವುದು ಸಣ್ಣತಿಮ್ಮಪ್ಪನ ಕೋಲು. ಆದರೆ ಸಣ್ಣತಿಮ್ಮಪ್ಪನೇ ಊರಲ್ಲಿಲ್ಲ. ಬಿಸಿಲೇರುವ ಮೊದಲು ಮಿಲ್ಲಿನ ತಂಡದ ನಾಯಕ ನಾಗೇಂದ್ರಪ್ಪನವರು ಬಂದು, ಒಬ್ಬ ಹುಡುಗನನ್ನು ಆ ತಂಡಕ್ಕೆ ಆರಿಸಿ, ಬೆಂಗಳೂರಿನ ಪಂದ್ಯಕ್ಕೆಂದು ಲಾರಿ ಹತ್ತಿಸಲಿದ್ದಾರೆ. ಪಾಲಣ್ಣನ ಕಣ್ಣು ಕೋಲಿನಿಂದ ದಾರಿಗೆ, ದಾರಿಯಿಂದ ಕೋಲಿಗೆ ಓಡಾಡುತ್ತಿದೆ.

ಈ ಮಿಲ್ಲಿನವರು ಸಂಬಳ ಕೊಟ್ಟು ಒಂದು ಹಾಕಿ ತಂಡ ಸಾಕಿದ್ದಾರೆ. ಹನ್ನೊಂದು ಜನಕ್ಕೆ ಬೂಟು, ಬಣ್ಣದ ಅಂಗಿ, ಪತ್ರಿಕೆಯಲ್ಲಿ ಪಟ. ಗೋಲು ಬಿದ್ದಾಗ ಪೇಟ ಹಾರಿಸುವ ದೊಡ್ಡ ಮನುಷ್ಯರಿಗೆ ಆ ಹನ್ನೊಂದು ಜನ ಆಕಾಶದಿಂದ ಉದುರಿದವರೆಂದೇ ನಂಬಿಕೆ. ಉದುರಿದವರಲ್ಲ ಸ್ವಾಮಿ! ಜಗಳೂರಿನ ಕುರಿಹಟ್ಟಿಯಿಂದಲೋ, ಸವಳಂಗದ ಕಣದಿಂದಲೋ, ನಲ್ಲೂರಿನ ಸಂತೆಯಿಂದಲೋ ಹೆಕ್ಕಿ ತಂದು, ಸಾಲು ಹಚ್ಚಿ, ಹದ ಮಾಡಿ ಕೊಟ್ಟವನು ಈ ಪಾಲಣ್ಣ. ಮಿಲ್ಲಿನ ಲೆಕ್ಕದಲ್ಲಿ ಅವನು ಮೈದಾನಕ್ಕೆ ನೀರು ಚಿಮುಕಿಸುವ ಆಳು, ಅಷ್ಟೆ. ಒಂದು ಕಾಲದಲ್ಲಿ ಅವನೂ ಆಡಿದವನೇ. ಮೊಣಕಾಲಿಗೆ ಚೆಂಡು ಬಡಿದು ಕಾಲು ಎಳೆಯುವಂತಾದಾಗ ಮಿಲ್ಲು ಅವನ ಬೂಟು ಕಿತ್ತುಕೊಂಡು ಕೈಗೆ ಕೊಡ ಕೊಟ್ಟಿತು. ವರ್ಷಕ್ಕೊಮ್ಮೆ ತಂಡದ ಪಟ ತೆಗೆಯುವಾಗ "ಏ, ಪಕ್ಕಕ್ಕೆ ಸರಿಯೋ" ಅನ್ನಿಸಿಕೊಳ್ಳುತ್ತಾನೆ. ಸರಿಯುತ್ತಾನೆ.

ಹುಡುಗರನ್ನು ಅವನು ಅಳೆಯುವ ಬಗೆಯೇ ಬೇರೆ.

"ಆಟ ನಡೆವಾಗ ನಾನು ಏನೂ ತೀರ್ಮಾನ ಮಾಡಲ್ರೀ. ಆಗ ಗೋಲು ಹೊಡೆದೋನೇ ಕಣ್ಣಿಗೆ ಬೀಳ್ತಾನೆ. ಮುದ್ದೆ ಉಂಡು ಮಲಗಿಬಿಡ್ತೀನಿ. ನಸುಕಿನಾಗೆ ಅರೆನಿದ್ದೆ ಇರ್ತೈತಲ್ಲ, ಆಗ ಮೈದಾನ ಮತ್ತೆ ಬರ್ತೈತೆ. ಮುಖ ಇರಾಂಗಿಲ್ಲ, ಬರೀ ಕಾಲು. ಚೆಂಡು ಇಲ್ಲದಾಗ ಯಾವ ಕಾಲು ಎಲ್ಲಿಗೆ ಓಡ್ತಾವೆ ಅನ್ನೋದು ಅಲ್ಲಿ ಕಾಣ್ತೈತೆ. ಚೆಂಡು ಸಿಕ್ಕಾಗ ಎಲ್ಲಾರೂ ಶೂರರೇ."

ಕನಸು ಸುಳ್ಳು ಹೇಳುವುದಿಲ್ಲವೇ ಅಂದರೆ ನಗುತ್ತಾನೆ. "ಹೇಳ್ತೈತೆ! ಒಂದ್ಸಲ ಜ್ವರದಾಗೆ ಕಂಡಿದ್ದನ್ನ ನಂಬಿ ಒಬ್ಬನ್ನ ಮುಂದೆ ನಿಲ್ಲಿಸ್ದೆ. ಅವನು ಚೆಂಡು ಬಿಟ್ಟು ರೆಫರಿಗೆ ಹೊಡೆದ."

ಬೆಳಗ್ಗೆ ಹುಡುಗರು ಬರುತ್ತಾರೆ, ತಮ್ಮ ಕೋಲು ಎಲ್ಲಿದೆ ನೋಡುತ್ತಾರೆ, ಎತ್ತಿಕೊಂಡು ಮೈದಾನಕ್ಕೆ ಇಳಿಯುತ್ತಾರೆ. ಯಾಕೆ ಹಿಂದೆ, ಯಾಕೆ ಮುಂದೆ ಎಂದು ಯಾರೂ ಕೇಳುವಂತಿಲ್ಲ. ಪಾಲಣ್ಣ ಹೊಗಳುವುದೂ ಇಲ್ಲ, ಬೈಯುವುದೂ ಇಲ್ಲ. ಕೋಲೇ ಅವನ ಮಾತು.

ಆ ಮಾತೇ ಹೋದ ಅಮಾವಾಸ್ಯೆಯ ದಿನ ಕೆಟ್ಟಿತು. ನಸುಕಿನಲ್ಲಿ ಸಾಲು ಜೋಡಿಸಿ ಪಾಲಣ್ಣ ನೀರು ತರಲು ಹೊಳೆಗೆ ಇಳಿದಿದ್ದಾನೆ. ಹೆಂಡತಿ ಓಬವ್ವ ಹಬ್ಬದ ಹುರುಪಿನಲ್ಲಿ ಕೊಟ್ಟಿಗೆಯ ನೆಲವನ್ನು ಸಗಣಿಯಿಂದ ಸಾರಿಸಿ, ಹೊರಗಿಟ್ಟ ಕೋಲುಗಳನ್ನು ಕೈಗೆ ಸಿಕ್ಕ ಹಾಗೆ ಒಳಗಿಟ್ಟಿದ್ದಾಳೆ. ಹಿಂದಿನ ಸಂಜೆ ಮೈದಾನವಿಡೀ ಮಿಂಚಿನಂತೆ ಓಡಿದ್ದ ಸಣ್ಣತಿಮ್ಮಪ್ಪ ಬಂದು ನೋಡುತ್ತಾನೆ: ತನ್ನ ಕೋಲು ಕತ್ತಲ ಮೂಲೆಯಲ್ಲಿ. ಅವನು ಕೇಳಲಿಲ್ಲ; ಕೇಳುವ ಪದ್ಧತಿಯೇ ಇಲ್ಲವಲ್ಲ. ಕಂಬಳಿ ಹೆಗಲಿಗೆ ಹಾಕಿಕೊಂಡು ನೆಟ್ಟಗೆ ತನ್ನೂರು ಜಗಳೂರಿನ ದಾರಿ ಹಿಡಿದ.

"ನೆಲ ಒಣಗಿದ ಮ್ಯಾಲೆ ಇಟ್ಟೆ. ನೀವು ಹೆಂಗಿದ್ರೂ ಮತ್ತೆ ಜೋಡಿಸ್ತೀರಂತ ತಿಳ್ಕಂಡೆ," ಅಂದಳು ಓಬವ್ವ. "ಕೋಲು ಸರಿದ್ರೆ ರಾಜ್ಯ ಮುಳುಗ್ತೈತೆ ಅಂತ ನನಗೇನು ಗೊತ್ತು?"

ಪಾಲಣ್ಣನಿಗೂ ಮೊದಲು ಸಿಟ್ಟೇ ಬಂತು. ಇಷ್ಟಕ್ಕೇ ಮುನಿಯುವವನು ಮುನಿಯಲಿ ಅಂದುಕೊಂಡ. ಆದರೆ ದಿನವೂ ನಸುಕಿನ ಅರೆನಿದ್ದೆಯಲ್ಲಿ ಅವನ ಕಾಲುಗಳೇ ಬಂದವು. ಬರಿಗಾಲು, ಕೆಂಪು ಧೂಳು, ಚೆಂಡು ಬೀಳುವ ಜಾಗಕ್ಕೆ ಚೆಂಡಿಗಿಂತ ಮೊದಲೇ ಹೋಗಿ ನಿಲ್ಲುವ ಕಾಲುಗಳು. ಕೊನೆಗೆ ಜಗಳೂರಿನ ಬಸ್ಸು ಹತ್ತಿದ. ಮಹಾಯುದ್ಧ ಶುರುವಾದ ಮೇಲೆ ಪೆಟ್ರೋಲ್ ಇಲ್ಲ. ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ದಿಬ್ಬ ಬಂದಲ್ಲೆಲ್ಲ ಜನರನ್ನು ಇಳಿಸಿ ತಳ್ಳಿಸಿಕೊಳ್ಳುತ್ತದೆ. ಕುಂಟುಗಾಲಿನವನೂ ತಳ್ಳಿದ.

ಹಟ್ಟಿಯಲ್ಲಿ ಹುಡುಗನ ತಾಯಿ ಗಾದ್ರಮ್ಮ ಎದುರಾದಳು. "ಬಂದ್ಯಾ ಮಾರಾಯ? ನನ್ನ ಮಗ ಅನ್ನ ಬಿಟ್ಟು ಕುಂತವ್ನೆ. ಅವನು ಚೆಂದ ಆಡ್ತಾನೋ ಇಲ್ಲೋ, ಬಾಯಿಬಿಟ್ಟು ಹೇಳಿದ್ರೆ ನಿನ್ನ ಬಾಯಾಗಿನ ಮುತ್ತು ಉದುರ್ತಾವಾ?"

ಪಾಲಣ್ಣ ಕುರಿಗಳ ನಡುವೆ ನಿಂತು ಹುಡುಗನಿಗೆ ಹೇಳಲು ನೋಡಿದ. ಜೀವಮಾನದಲ್ಲಿ ಆಡದ ಮಾತು, ತಡವರಿಸಿತು. "ಕೋಲು ನಾನು ಇಟ್ಟಿದ್ದಲ್ಲಲೇ. ನಿನ್ನ ಕಾಲು... ದಿನಾ ಬರ್ತಾವೆ ಕಣೋ. ಬ್ಯಾರೆ ಯಾರವೂ ಹಂಗೆ ಬರಾಕಿಲ್ಲ." ಹುಡುಗ ಕುರಿಮರಿಯ ಕಿವಿ ಸವರುತ್ತಲೇ ಕೂತಿದ್ದ. ಪಾಲಣ್ಣ ಬಂದ ಬಸ್ಸಿಗೇ ಮರಳಿದ.

ಈಗ ಮೈದಾನದ ತುದಿಯಲ್ಲಿ ಲಾರಿ ಗುರುಗುಟ್ಟುತ್ತಿದೆ. ನಾಗೇಂದ್ರಪ್ಪನವರು ಕೊಟ್ಟಿಗೆಯೊಳಗೆ ಇಣುಕುತ್ತಾರೆ.

"ಏನೋ ಪಾಲಣ್ಣ, ಮೊದಲ್ನೇ ಕೋಲಿಗೆ ಯಜಮಾನನೇ ಇಲ್ವಲ್ಲೋ?"

"ಬರ್ತಾನೆ ಬುದ್ಧಿ."

"ಬಂದಾಗ ಬರ್ಲಿ. ಎರಡನೇದು ಯಾರ್ದು?"

ಸವಳಂಗದ ರೇವಣ್ಣ ಎದೆ ಉಬ್ಬಿಸಿ ಮುಂದೆ ಬರುತ್ತಾನೆ. "ನಂದೇ ಸಾರ್. ಅವನ ಕೋಲು ಒಂಚೂರು ಸರಿಸಿದ್ರೆ ನಂದೇ ಮೊದಲ್ನೇದು."

"ಲಾರಿ ಹೊರಡೋ ಹೊತ್ತಿಗೆ ಬರ್ಲಿಲ್ಲ ಅಂದ್ರೆ ಇವನ್ನೇ ಕರ್ಕಂಡು ಹೋಗ್ರಿ," ಅನ್ನುತ್ತಾನೆ ಪಾಲಣ್ಣ. "ಕೋಲು ಮಾತ್ರ ಸರಿಸಲ್ಲ."

ಮಂಜು ಮೈದಾನದ ಮೇಲೆ ಹಿಂಜಿದ ಅರಳೆಯ ಹಾಗೆ ಬಿದ್ದಿದೆ. ಅದರ ಕೆಳಗಿನಿಂದ ಎರಡು ಕಾಲು ಬರುತ್ತವೆ. ಮುಖವಿಲ್ಲ, ಮೈಯಿಲ್ಲ. ಪಾಲಣ್ಣ ತಾನಿನ್ನೂ ಎದ್ದೇ ಇಲ್ಲವೇನೋ ಎಂದುಕೊಂಡು ಗೋಡೆ ಹಿಡಿಯುತ್ತಾನೆ. ಕಾಲಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಕೆದರಿದ ತಲೆ, ತಲೆಯ ತುಂಬ ಹತ್ತಿಯ ಎಳೆ. ದಾವಣಗೆರೆಯವರೆಗೆ ನಡೆದು, ಅಲ್ಲಿಂದ ಮಿಲ್ಲಿಗೆ ಬರುವ ಹತ್ತಿಗಾಡಿಯ ಮೇಲೆ ಮಲಗಿ ಬಂದಿದ್ದಾನೆ ಸಣ್ಣತಿಮ್ಮಪ್ಪ. ಯಾರನ್ನೂ ಮಾತಾಡಿಸದೆ ಬಾಗಿಲ ಪಕ್ಕದ ಕೋಲಿಗೆ ಕೈ ಹಾಕುತ್ತಾನೆ.

ನಾಗೇಂದ್ರಪ್ಪನವರು ಇಬ್ಬರನ್ನೂ ಆಡಿಸಿ ನೋಡುತ್ತಾರೆ. ಹೆಚ್ಚು ಹೊತ್ತು ಬೇಕಾಗುವುದಿಲ್ಲ. "ಹತ್ತೋ ಲಾರಿ," ಅನ್ನುತ್ತಾರೆ ಕುರುಬರ ಕಂಬಳಿಯ ಹುಡುಗನಿಗೆ.

ರೇವಣ್ಣ ಆ ಕಡೆ ತಿರುಗಿ ಅಂಗಿಯಲ್ಲಿ ಮುಖ ಒರೆಸಿಕೊಳ್ಳುತ್ತಾನೆ. ಪಾಲಣ್ಣ ಕಾಲೆಳೆಯುತ್ತ ಅವನ ಹತ್ತಿರ ಹೋಗುತ್ತಾನೆ. ಮಾತು ಈ ಸಲ ಅಷ್ಟು ತಡವರಿಸುವುದಿಲ್ಲ. "ನಿನ್ನ ಕಾಲೂ ಬರ್ತಾವೆ ಕಣ್ಲಾ. ಒಂದು ಹೆಜ್ಜೆ ತಡ, ಅಷ್ಟೆ. ಅದನ್ನ ಕಲಿಸಾಕೆ ಬರ್ತೈತೆ."

ಲಾರಿಯ ಮೇಲಿಂದ ಸಣ್ಣತಿಮ್ಮಪ್ಪ ಬಗ್ಗಿ ಕೂಗುತ್ತಾನೆ: "ಮಾವಾ, ಬೆಂಗ್ಳೂರಾಗೆ ಯಾರು ಕಳಿಸಿದ್ರು ಅಂತ ಕೇಳಿದ್ರೆ ನಿನ್ನ ಹೆಸರೇ ಹೇಳ್ತೀನಿ!"

"ಹೇಳಬ್ಯಾಡ," ಅನ್ನುತ್ತಾನೆ ಪಾಲಣ್ಣ, ಖಾಲಿ ಕೊಡ ಎತ್ತಿಕೊಳ್ಳುತ್ತ. "ಚೆಂದ ಆಡಿದ್ರೆ ನಿನ್ನ ಹೆಸರು ಕೇಳ್ತಾರೆ. ಯಾರು ಕಳಿಸಿದ್ರಲೇ ಇವನ್ನ ಅಂತ ಕೇಳಿದ್ರೆ, ನೀನು ಆಟ ಕೆಡಿಸಿದೀಯ ಅಂತಲೇ ಲೆಕ್ಕ."