ಇಮಾಮಸಾಬರ ಬಿಗಿ ಚೈನು

ಇಮಾಮಸಾಬರ ಬೆನ್ನನ್ನು ನಮ್ಮ ಸಾಯ್ಕಲ್ ಸಂಘದವರು ಯಾರೂ ನೋಡಿರಲಿಲ್ಲ. ರವಿವಾರ ಬೆಳಿಗ್ಗೆ ಹಾನಗಲ್ಲಿನಿಂದ ಎಂಟು ಮಂದಿ ಹೊರಟೆವೆಂದರೆ ಎಲ್ಲರಿಗಿಂತ ಹಿಂದೆ ಅವರು. ಇದ್ದೊಂದು ಪಂಪನ್ನು ತಮ್ಮ ಸಾಯ್ಕಲ್ಲಿಗೇ ಕಟ್ಟಿಕೊಳ್ಳುತ್ತಿದ್ದರು. ಅಕ್ಕಿಆಲೂರಿರಲಿ, ಬಂಕಾಪುರವಿರಲಿ, ಕಡೆಯವನು ಬಂದು ಮುಟ್ಟುವತನಕ ಯಾರೂ ಚಹಾ ಕುಡಿಯಕೂಡದು. ಇದು ಅವರೇ ಮಾಡಿದ ಕಾನೂನು.

ಸವಣೂರಿನಿಂದ ಬಂದು ನಮ್ಮ ಪೇಟೆಯಲ್ಲಿ ಸಾಯ್ಕಲ್ ರಿಪೇರಿ ಅಂಗಡಿ ಇಟ್ಟವರು. ಮೀಸೆ ದಪ್ಪ, ದನಿ ಸಣ್ಣದು. ಎತ್ತು ಬೆದರೀತೆಂದು ಗಾಡಿಗಳ ಹಿಂದೆ ಗಂಟೆ ಬಾರಿಸುತ್ತಿರಲಿಲ್ಲ. "ಸಲಾಮ್ರಿ ಗೌಡ್ರ, ಜರಾ ಸರೀರಿ" ಅನ್ನುವರು. ಗೌಡರು ಸರಿಯುವ ಹೊತ್ತಿಗೆ ಅವರ ಮನೆ ಮಂದಿಯ ಕ್ಷೇಮವೆಲ್ಲ ವಿಚಾರಿಸಿ ಆಗಿರುತ್ತಿತ್ತು.

ನಾನು ಶಾಲೆಯ ಮಾಸ್ತರ. ಚಿಕ್ಕಂದಿನ ಬೇನೆಯಿಂದ ಬಲಗಾಲು ಸಣಕಲು. ಹಾಗಾಗಿ ನಾನು ಯಾವಾಗಲೂ ಇಮಾಮಸಾಬರ ಮುಂದಿನವನು, ಉಳಿದವರಿಗೆಲ್ಲ ಹಿಂದಿನವನು. ಇಷ್ಟು ನಿಧಾನ ಯಾಕೆಂದು ಕೇಳಿದರೆ ಅವರದು ಒಂದೇ ಉತ್ತರ: "ಚೈನ ಬಿಗಿ ಆಗೇತ್ರಿ ಮಾಸ್ತರ." ಊರ ಸಾಯ್ಕಲ್ಲೆಲ್ಲ ನೆಟ್ಟಗೆ ಮಾಡುವವರಿಗೆ ತಮ್ಮ ಚೈನು ಸಡಿಲಿಸಲು ಬರುವುದಿಲ್ಲವಲ್ಲ ಎಂದು ನಾವು ನಗುತ್ತಿದ್ದೆವು.

ಯುದ್ಧದ ಕಾಲದಲ್ಲಿ ರಬ್ಬರು ಸಿಗದಾಯಿತು. ಅಂಥದರಲ್ಲಿ ಒಂದು ರವಿವಾರ ಅಕ್ಕಿಆಲೂರಿನ ದಾರಿಯಲ್ಲಿ ನನ್ನ ಟ್ಯೂಬು ಒಡೆಯಿತು. ಇಮಾಮಸಾಬರು ಗದ್ದೆಯವರನ್ನು ಕೇಳಿ ಭತ್ತದ ಹುಲ್ಲು ತಂದು, ಟೈರಿನೊಳಗೆ ಒತ್ತೊತ್ತಿ ತುಂಬಿ, ಆ ಸಾಯ್ಕಲ್ಲನ್ನು ತಾವೇ ಹತ್ತಿದರು. ತಮ್ಮದನ್ನು ನನಗೆ ಕೊಟ್ಟರು. ಒಂದು ಸಲ ತುಳಿದೆ. ಬೆಣ್ಣೆಯಂತೆ ಓಡಿತು. ಬಿಗಿಯೂ ಇಲ್ಲ, ಗಿಗಿಯೂ ಇಲ್ಲ. ಇಷ್ಟು ವರ್ಷ ಇವರು ನನಗಾಗಿ ಸುಳ್ಳು ಹೇಳಿದ್ದರು.

ಮುಟ್ಟುವುದು ಬಹಳ ತಡವಾಯಿತು. "ಮಾಸ್ತರ ಕೂಡ ಬಂದ್ರ ಚಹಾ ಮಧ್ಯಾಹ್ನಕ್ಕನ" ಎಂದು ಯಾರೋ ಗೊಣಗಿದರು. ಆ ಮಾತು ನನಗೆ ನಾಟಿತು. ತಿರುಗಿ ಬರುವಾಗ ಹೇಳಿಬಿಟ್ಟೆ: "ಇನ್ನ ನಾ ಬರಂಗಿಲ್ರಿ. ಎಲ್ಲಾರಿಗೂ ತ್ರಾಸು."

"ನೀವು ಬಿಟ್ರ ನನ್ನ ಮುಂದ ಯಾರ್ರಿ ಹೋಗೋರು? ನಾ ಒಬ್ಬಾಂವ ಆಗ್ತೇನಲ್ರಿ" ಅಂದರು. ನಾನು ಬರುವುದನ್ನು ಬಿಡಲಿಲ್ಲ. ಚೈನಿನ ಗುಟ್ಟನ್ನೂ ಬಾಯಿ ಬಿಡಲಿಲ್ಲ.

ಯುದ್ಧ ಮುಗಿದ ಮೇಲೆ ಅವರಿಗೆ ದಮ್ಮು ಹತ್ತಿತು. ಆದರೂ ರವಿವಾರ ತಪ್ಪಿಸಲಿಲ್ಲ. ಒಂದು ದಿನ ಊರ ಹೊರಗೆ ನಿಂತು ಪಂಪನ್ನು ಬಿಚ್ಚಿ ನನ್ನ ಕೈಗಿತ್ತರು. "ಇವತ್ತ ನೀವು ಹಿಂದ ಇರ್ರಿ."

ಅಂದು ಅವರ ಬೆನ್ನು ನೋಡಿದೆ. ಅಂಗಿ ಬೆವರಿಗೆ ಅಂಟಿತ್ತು. ತುಳಿದಾಗಲೊಮ್ಮೆ ಭುಜ ಮೇಲೇಳುತ್ತಿತ್ತು. ನನ್ನ ಸಣಕಲು ಕಾಲೂ ಅವರನ್ನು ಹಿಂದೆ ಹಾಕಬಹುದಿತ್ತು. ನನಗೆ ಅಳು ಬಂತು.

"ಯಾಕ್ರಿ ಮಾಸ್ತರ, ಇಷ್ಟು ನಿಧಾನ ಬರಾಕತ್ತೀರಿ?" ಎಂದು ಮುಂದಿನಿಂದಲೇ ಕೇಳಿದರು.

"ಚೈನ ಬಿಗಿ ಆಗೇತ್ರಿ" ಅಂದೆ.

ಅವರು ತಿರುಗಿ ನೋಡಲಿಲ್ಲ. ಕೆಮ್ಮು ಬರುವತನಕ ನಕ್ಕರು.

ಅದೇ ಅವರ ಕಡೆಯ ಸವಾರಿ. ಮಳೆಗಾಲಕ್ಕೆ ಮೊದಲೇ ತೀರಿಕೊಂಡರು. ಆಮೇಲಿನ ರವಿವಾರ ಅಕ್ಕಿಆಲೂರಿಗೆ ಪಂಪು ಕಟ್ಟಿಕೊಂಡು ಕಡೆಗೆ ಬಂದು ಮುಟ್ಟಿದವನು ನಾನು. ಎಲ್ಲರ ಮುಂದೆಯೂ ಚಹಾ ಇತ್ತು. ನಾನು ಬಂದು ಕೂತ ಮೇಲೂ ಯಾರೂ ಕಪ್ಪು ಎತ್ತಲಿಲ್ಲ.